ಸಿದ್ದಲಿಂಗಮ್ಮನ ತುರುಬು

ಒಂದು ವರ್ಷದಿಂದ ಸಿದ್ದಲಿಂಗಮ್ಮನ ತುರುಬನ್ನು ಸೊಸೆ ಕಟ್ಟುತ್ತಿದ್ದಳು. ಬಲಗೈ ಕಿವಿಯ ತನಕವೂ ಏಳುತ್ತಿರಲಿಲ್ಲ. ತುತ್ತು ಬಾಯಿಗೆ ಹೋಗುತ್ತದಲ್ಲ, ಅದೇ ಪುಣ್ಯ ಎಂದು ಸುಮ್ಮನಿರುವ ಹೆಂಗಸಲ್ಲ ಅವಳು. ಬೆಳಿಗ್ಗೆ ಸೊಸೆಗೆ ಬೆನ್ನು ಕೊಟ್ಟು ಕೂತಾಗಲೆಲ್ಲ ಮುಂದಿನದನ್ನು ಲೆಕ್ಕ ಹಾಕುತ್ತಿದ್ದಳು. ಇವತ್ತು ತುರುಬು, ನಾಳೆ ಸೀರೆ, ನಾಡಿದ್ದು ಇನ್ನೇನೋ!

ಕೆರೆಬಿಳಚಿಯಲ್ಲಿ ಅಡಿಕೆ ಸುಲಿಯುವವರಲ್ಲಿ ಅವಳಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ತೋಟದ ಫಸಲನ್ನು ಖೇಣಿಗೆ, ಅಂದರೆ ವರ್ಷದ ಗುತ್ತಿಗೆಗೆ ಹಿಡಿದು, ಸುಲಿಸಿ, ಬೇಯಿಸಿ ಮಾರುವ ಮಹೇಶ್ವರಪ್ಪನ ಅಂಗಳದಲ್ಲಿ ಕಾಲು ಮಡಚಿ ಕತ್ತಿಯ ಮುಂದೆ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಭುಜ ಹಿಡಿದುಕೊಂಡಾಗ ಊರಿಗೆ ಊರೇ ಡಾಕ್ಟರಾಯಿತು. ಕೆಲಸ ಬಿಟ್ಟರೆ ಇನ್ನೂ ಹಿಡಿಯುತ್ತದೆ, ಜಾಸ್ತಿ ಸುಲಿ, ಸಡಿಲವಾಗುತ್ತದೆ ಎಂದರು. ದುಡಿಯುವ ಮೈಗೆ ವ್ಯಾಯಾಮ ಬೇರೆ ಕೇಡು ಎಂದು ನಕ್ಕರು. ಅವಳೂ ನಂಬಿ, ಹಲ್ಲು ಕಚ್ಚಿ, ಆ ಸುಗ್ಗಿಯಲ್ಲಿ ಎಲ್ಲರಿಗಿಂತ ಹೆಚ್ಚು ಸುಲಿದಳು. ಸುಗ್ಗಿ ಮುಗಿಯುವ ಹೊತ್ತಿಗೆ ಕೈ ಪೂರ್ತಿ ಕೂತುಬಿಟ್ಟಿತ್ತು. ಹೇಳಿದವರ ಬಾಯಿಗೆ ಮಣ್ಣು ಹಾಕ! ಅವರಲ್ಲಿ ಒಬ್ಬರಾದರೂ ಬಂದು ಅವಳ ತಲೆ ಬಾಚಿದರೇ?

ಕೊನೆಗೆ ಚನ್ನಗಿರಿಯಲ್ಲಿ ಫಿಸಿಯೋಥೆರಪಿ ಮಾಡುವ ಮದೀಹಾ ಎಂಬ ಹುಡುಗಿಯ ಹತ್ತಿರ ಹೋದಳು. ಅವಳು ಭುಜ ಮುಟ್ಟಿ ನೋಡಿ, “ಒಂದೇ ಕೀಲನ್ನ ದಿನವಿಡೀ ಒಂದೇ ಥರ ತಿರುಗಿಸಿದ್ರೆ ಅದು ವ್ಯಾಯಾಮ ಅಲ್ಲಮ್ಮ, ಸವೆತ” ಎಂದಳು. ಗೋಡೆಗೆ ಮುಖ ಮಾಡಿ ನಿಂತು, ಇರುವೆ ಹತ್ತಿದ ಹಾಗೆ ಬೆರಳುಗಳನ್ನು ಮೆಲ್ಲಗೆ ಮೇಲೆ ಹತ್ತಿಸಬೇಕು. ನೋವು ಶುರುವಾದಲ್ಲಿ ನಿಲ್ಲಬೇಕು, ಹಠ ಮಾಡಬಾರದು. ಬುಟ್ಟಿ ತುಂಬಿದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು. ಇಷ್ಟೇ. ಇಷ್ಟನ್ನು ಯಾರೂ ಹೇಳಿರಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಊರು ಬರುವವರೆಗೂ ಅವಳು ಕುದಿಯುತ್ತಿದ್ದಳು.

ಈ ಸುಗ್ಗಿಯಲ್ಲಿ ಮಹೇಶ್ವರಪ್ಪನ ಅಂಗಳದ ಗೋಡೆಗೆ ಅವಳು ಬೆರಳು ಹತ್ತಿಸುವುದನ್ನು ಕಂಡು ಮೊದಮೊದಲು ಎಲ್ಲರೂ ಮುಸಿಮುಸಿ ನಕ್ಕರು. ಕೆಲವು ವಾರ ಕಳೆದ ಮೇಲೆ, ಪಕ್ಕದಲ್ಲೇ ಕೂತು ಸುಲಿಯುವ ಹಜೀರಾ ಸೊಂಟ ಹಿಡಿದುಕೊಂಡು ತಾನೂ ಎದ್ದಳು. ನೋಡನೋಡುತ್ತ ಮತ್ತಿಬ್ಬರು ಎದ್ದರು.

ಅದು ಮಹೇಶ್ವರಪ್ಪನ ಕಣ್ಣಿಗೆ ಬಿತ್ತು. ಈ ಮಹಾನುಭಾವ ದಿನಾ ಬೆಳಿಗ್ಗೆ ಕಾರಿನಲ್ಲಿ ಸೂಳೆಕೆರೆಗೆ ಹೋಗಿ, ಏರಿಯ ಮೇಲೆ ಬಿಳಿ ಶೂ ಹಾಕಿಕೊಂಡು ಕೈ ಬೀಸುತ್ತ ನಡೆದು, ಮತ್ತೆ ಕಾರಿನಲ್ಲೇ ಬರುವವನು. ಅಡಿಕೆ ಬೇಯಿಸುವ ಹಂಡೆಯಲ್ಲಿ ನೀರು ಕುದಿಯುತ್ತಿದೆ, ಇಲ್ಲಿ ನಾಟಕ ಬೇಡ, ಕಸರತ್ತು ಮಾಡುವವರು ನಾಳೆಯಿಂದ ಮನೆಯಲ್ಲೇ ಮಾಡಿಕೊಳ್ಳಲಿ ಎಂದು ಎಲ್ಲರೆದುರು ಗದರಿದ.

ಸಿದ್ದಲಿಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ನೀವು ಏರಿ ಮ್ಯಾಲೆ ಕೈ ಬೀಸಿದ್ರೆ ಆರೋಗ್ಯ, ನಾವು ಎದ್ದು ನಿಂತ್ರೆ ಸೋಮಾರಿತನ. ಹೆಂಗ್ರೀ ಸಾವ್ಕಾರ್ರೆ?”

“ನಂಗೆ ಡಾಕ್ಟ್ರು ಹೇಳ್ಯಾರೆ ಕಣವ್ವ.”

“ನಂಗೂ ಡಾಕ್ಟ್ರೇ ಹೇಳಿರೋದು.”

ಮಹೇಶ್ವರಪ್ಪ ನಕ್ಕುಬಿಟ್ಟ. “ಆ ಕೈ ಮುಗೀತು, ಬಿಡು. ಇನ್ನೇನು ಆಗ್ತೈತೆ ಅದರಿಂದ?”

ಕತ್ತಿಗಳ ಸದ್ದು ನಿಂತಿತು. ಸಿದ್ದಲಿಂಗಮ್ಮ ಎಡಗೈಯಿಂದ ತುರುಬಿನ ಪಿನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡಳು. ಸೊಸೆ ಕಟ್ಟಿದ್ದ ಕೂದಲು ಬೆನ್ನ ಮೇಲೆ ಹರಡಿತು. ಬಲಗೈ ಎತ್ತಿದಳು. ಅದು ಕಿವಿಯ ಹತ್ತಿರ ಬಂದು ನಿಂತಿತು. ಅವಳು ಅವಸರ ಮಾಡಲಿಲ್ಲ. ಉಸಿರು ಬಿಟ್ಟು, ಗೋಡೆ ಹತ್ತಿಸಿದ ಹಾಗೆಯೇ ಬೆರಳುಗಳನ್ನು ಕೂದಲ ಮೇಲೆ ಒಂದೊಂದಾಗಿ ಹತ್ತಿಸಿದಳು. ನೆತ್ತಿ ದಾಟಿತು. ಕೂದಲನ್ನು ಸುತ್ತಿ, ಬಿಗಿದು, ಪಿನ್ನು ಚುಚ್ಚಿದಳು. ಮಹೇಶ್ವರಪ್ಪ ಹಂಡೆಯ ಕಡೆ ನೋಡುತ್ತ ನಿಂತಿದ್ದ.

ತುರುಬು ಸೊಟ್ಟಗಿತ್ತು. ಸರಿಮಾಡಲು ಹಜೀರಾ ಕೈ ಚಾಚಿದಳು.

“ಮುಟ್ಟಬ್ಯಾಡ” ಎಂದಳು ಸಿದ್ದಲಿಂಗಮ್ಮ.