ತಂಗಿಯ ಗಂಡನಾಗಲಿದ್ದವನ ಹಿಂದಿನ ಊರು

ಗಂಡ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನನ್ನ ತಂಗಿ ಮತ್ತೆ ಮದುವೆಯಾಗುತ್ತೇನೆಂದಾಗ ನನಗೆ ಸಮಾಧಾನವೇ ಆಯಿತು. ಅವಳು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಪುಟ್ಟ ಮಗಳೊಂದಿಗಿದ್ದಳು. ನಾನು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್. ಅವಳ ಮನೆಯ ಮುಂದಿನ ರೂಮಿಗೆ ಬಾಡಿಗೆಗೆ ಬಂದವನೇ ಈಗ ಅವಳ ಕೈಹಿಡಿಯಲಿದ್ದ.

ಮೈಸೂರು ಕಡೆಯವನು. ಈಸ್ಟರಿಗೆ ಹೋದಾಗ ನೋಡಿದ್ದೆ. ಮಾತು ಮೆತ್ತಗೆ, ಅಡುಗೆಯಲ್ಲಿ ಕೈಜೋಡಿಸುತ್ತಿದ್ದ, ಮಗುವಿನ ಶೂ ತಾನೇ ಉಜ್ಜಿಡುತ್ತಿದ್ದ. ಮೊದಲು ಸಿಡ್ನಿ ಇರುವ ನಮ್ಮ ರಾಜ್ಯದ ಒಂದು ಹಳ್ಳಿಗಾಡಿನ ಊರಿನಲ್ಲಿ ಮೋಟೆಲ್ ಮ್ಯಾನೇಜರ್ ಆಗಿದ್ದನಂತೆ. ಹೆಂಡತಿಗೆ ಈ ದೇಶ ಹಿಡಿಸದೆ ಬಿಟ್ಟು ಹೋದಳಂತೆ. ಇಂಥ ಕತೆಗಳು ನಮ್ಮವರಲ್ಲಿ ಬೇಕಾದಷ್ಟಿದ್ದವು. ನಾನು ಕೆದಕಲಿಲ್ಲ.

ಒಂದು ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ಮಂಗಳೂರಿನ ಆಂಟಿಯೊಬ್ಬರಿಗೆ ಈ ಸುದ್ದಿ ಹೇಳಿದೆ. ಅವರು ಹಿಂದೆ ಆ ಊರಿನ ಹತ್ತಿರ ಇದ್ದವರು. ಅವರ ಮುಖ ಬದಲಾಯಿತು.

"ಆ ಮೋಟೆಲಿನವನಾ? ಅಲ್ಲಿ ಎಂತದೋ ಪೊಲೀಸ್ ಕೇಸ್ ಆಗಿತ್ತು ಅಂತ ಕೇಳಿದ ನೆನಪು. ನಂಗೆ ಸರಿಯಾಗಿ ಗೊತ್ತಿಲ್ಲ ಮಾರಾಯ್ತಿ. ಸುಮ್ನೆ ಒಬ್ಬರ ಮೇಲೆ ಹೇಳ್ಬಾರ್ದು."

ತಂಗಿ ಕೆಲಸದಲ್ಲಿರುವ ಹೊತ್ತು ನೋಡಿ ಫೋನ್ ಮಾಡಿ ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಾಗಲಿಲ್ಲ.

"ಅವನನ್ನೇ ಕೇಳಿಬಿಡು" ಅಂದೆ.

"ಬೇಡ ಅಕ್ಕ. ಕೇಳಿದರೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಸ್ವರ ತಗ್ಗಿಸಿ, "ನೀನೇ ಹೇಗಾದರೂ ತಿಳ್ಕೋ. ಅವನಿಗೆ ಗೊತ್ತಾಗೋದು ಬೇಡ" ಅಂದಳು.

ಆಂಟಿಯ ಮಾತಿಗಿಂತ ಆ ನಿಂತುಹೋದ ಮಾತೇ ನನ್ನ ನಿದ್ದೆ ಕೆಡಿಸಿತು. ಮದುವೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ಇಂಥದನ್ನು ಹೇಗೆ ತಿಳಿಯುವುದೆಂದು ನನಗೆ ಗೊತ್ತಿರಲಿಲ್ಲ. ಪೊಲೀಸ್ ಠಾಣೆಯಲ್ಲಿ ಕೇಳಿದೆ. ಒಬ್ಬರ ಅಪರಾಧದ ದಾಖಲೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ, ಬೇಕಾದರೆ ಅವನೇ ಬಂದು ಕೇಳಬೇಕು ಅಂದರು. ಆ ಊರಿನ ಕೋರ್ಟಿಗೆ ಫೋನ್ ಮಾಡಿದರೂ ಅದೇ ಉತ್ತರ. "ಆದರೆ ವಿಚಾರಣೆ ನಡೆಯುವಾಗ ಯಾರು ಬೇಕಾದರೂ ಬಂದು ಕೂರಬಹುದು" ಎಂದು ಆ ಕಡೆಯ ಹೆಂಗಸು ಸೇರಿಸಿದಳು. ಎಂದೋ ಮುಗಿದ ವಿಚಾರಣೆಯಲ್ಲಿ ಈಗ ಹೋಗಿ ಕೂರುವುದು ಹೇಗೆ? ಆದರೂ ಆ ಊರಿನಲ್ಲಿ ಯಾರಿಗಾದರೂ ಗೊತ್ತಿದ್ದೀತು ಎಂದು ರಜೆ ಹಾಕಿ ಒಬ್ಬಳೇ ಕಾರು ಹತ್ತಿದೆ. ನನ್ನ ಗಂಡನಿಗೆ ಅಂದು ಡ್ಯೂಟಿ ಇತ್ತು.

ಬೆಳಿಗ್ಗೆ ಹೊರಟವಳು ಬಿಸಿಲು ಏರಿದ ಮೇಲೆ ಊರು ಮುಟ್ಟಿದೆ. ಅಗಲ ರಸ್ತೆ, ಎರಡು ಪಬ್, ಗೋಧಿಯ ಕಣಜಗಳು, ಕೆಂಪು ಇಟ್ಟಿಗೆಯ ಕೋರ್ಟು. ಮ್ಯಾಜಿಸ್ಟ್ರೇಟರು ಅಲ್ಲಿಗೆ ಯಾವಾಗಲೋ ಒಮ್ಮೆ ಬರುವುದು. ಅಂದು ಬಂದಿದ್ದರು. ಗಾಜಿನ ಹಿಂದಿದ್ದ ಗುಮಾಸ್ತ ನಾನು ಹೇಳಿದ್ದನ್ನು ಪೂರ್ತಿ ಕೇಳಿದ.

"ಕೇಸಿಗೂ ನಿಮಗೂ ಏನು ಸಂಬಂಧ?"

"ನನ್ನ ತಂಗಿ ಅವನನ್ನು ಮದುವೆಯಾಗುತ್ತಿದ್ದಾಳೆ."

ಅವನಿಗೆ ಪಾಪ ಅನ್ನಿಸಿರಬೇಕು. ಆದರೂ ಇಲ್ಲವೆಂದೇ ತಲೆಯಾಡಿಸಿದ. ಮುಂದೇನೆಂದು ತೋಚದೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕುಡಿದು ಗಾಡಿ ಓಡಿಸಿದವರು, ಬೇಲಿ ಮುರಿದವರು, ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಗೋಡೆಯ ಪಕ್ಕ ಬೆಳ್ಳಿಕೂದಲಿನ ಹೆಂಗಸೊಬ್ಬಳು ಎಲ್ಲವನ್ನೂ ಚುರುಕಾಗಿ ಬರೆದುಕೊಳ್ಳುತ್ತಿದ್ದಳು. ಊಟದ ಬಿಡುವಿನಲ್ಲಿ ಅವಳು ಹೊರಗೆ ಸಿಗರೇಟು ಹಚ್ಚಿದಾಗ ಹತ್ತಿರ ಹೋದೆ. ಊರಿನ ವಾರಪತ್ರಿಕೆಯ ವರದಿಗಾರ್ತಿಯಂತೆ. ಮೋಟೆಲಿನ ಹೆಸರು ಹೇಳಿ ಅಲ್ಲಿದ್ದ ಇಂಡಿಯನ್ ಮ್ಯಾನೇಜರನ ಬಗ್ಗೆ ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀವು ಆ ಹೆಂಗಸಿನ ಕಡೆಯವರಾ?"

"ಯಾವ ಹೆಂಗಸು?"

"ಅವನ ಹೆಂಡತಿ."

ಯಾಕೆ ಬಂದೆನೆಂದು ಹೇಳಿದೆ. ಅವಳು ಸಿಗರೇಟನ್ನು ಹೊಸಕಿ ಹಾಕಿದಳು.

"ತೆರೆದ ಕೋರ್ಟಿನಲ್ಲಿ ನಡೆದದ್ದು, ನಾನೇ ಬರೆದದ್ದು, ಪೇಪರಿನಲ್ಲಿ ಬಂದದ್ದು. ಅದರಲ್ಲಿ ಗುಟ್ಟೇನಿಲ್ಲ. ಹೆಂಡತಿಗೆ ಹೊಡೆದಿದ್ದ. ಹತ್ತಿರ ಹೋಗಕೂಡದು ಅಂತ ಕೋರ್ಟು ಹೇಳಿತ್ತು. ಹೋಗಿ ಮತ್ತೆ ಹೊಡೆದ. ಎರಡನೇ ಸಲ ಅವಳ ದವಡೆ ಮುರಿದಿತ್ತು." ಆಮೇಲೆ ಕೇಳಿದಳು, "ನೀವು ಇಂಡಿಯಾದವರಲ್ಲವಾ? ನಿಮಗೆ ಗೊತ್ತಿರಬಹುದು. ಮೊದಲನೇ ಸಲ ಕೋರ್ಟಿಗೆ ಬಂದಾಗ ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಫೋನಿನಲ್ಲಿ ದುಭಾಷಿ ಕೊಟ್ಟರು, ಹಿಂದಿಯವರು. ಅವಳಿಗೆ ಹಿಂದಿಯೂ ಅರ್ಥವಾಗಲಿಲ್ಲ. 'ಸಾಕು, ಸಾಕು' ಅಂತಲೇ ಹೇಳುತ್ತಿದ್ದಳು. ಅದು ಯಾರದಾದರೂ ಹೆಸರಾ?"

"ಹೆಸರಲ್ಲ" ಅಂದೆ. ಅರ್ಥ ಹೇಳಿದೆ. ಅವಳು ನೋಟ್‌ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು.

ಪತ್ರಿಕೆಯ ಆಫೀಸಿಗೆ ಕರೆದೊಯ್ದು ಹಳೆಯ ಸಂಚಿಕೆ ತೆರೆದು ತೋರಿಸಿದಳು. ಒಳಪುಟದಲ್ಲಿ ಕೆಲವೇ ಸಾಲು. ಅವನ ಪೂರ್ತಿ ಹೆಸರು, ವಯಸ್ಸು, ಮೋಟೆಲು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಪಾರ್ಕಿನ ಪಕ್ಕ ಕಾರಿನೊಳಗೆ ಕೂತು ತಂಗಿಗೆ ಫೋನ್ ಮಾಡಿದೆ. ಆ ಹೊತ್ತಿಗೆ ಅವನು ಕೆಲಸಕ್ಕೆ ಹೋಗಿರುತ್ತಾನೆಂದು ಎಣಿಸಿದ್ದೆ. "ಯಾರದು?" ಎಂದು ಹತ್ತಿರದಲ್ಲೇ ಅವನ ಸ್ವರ ಕೇಳಿತು. "ಅಕ್ಕ" ಅಂದಳು ತಂಗಿ.

ನಮ್ಮ ಮನೆಮಾತು ಕೊಂಕಣಿ. ಅವನಿಗೆ ಅದು ಬರುತ್ತಿರಲಿಲ್ಲ. ಆದರೆ ಈ ದೇಶದಲ್ಲಿ ನಮ್ಮ ಕೊಂಕಣಿಯ ತುಂಬ ಇಂಗ್ಲಿಷೇ. ಪೊಲೀಸ್, ಕೋರ್ಟ್, ಕೇಸ್ ಯಾವುದನ್ನೂ ಆಡುವಂತಿಲ್ಲ. ಒಂದು ಪದ ಅವನ ಕಿವಿಗೆ ಬಿದ್ದರೂ ಮುಗಿಯಿತು. ಅಮ್ಮ ಆಡುತ್ತಿದ್ದ ಹಳೆಯ ಕೊಂಕಣಿಯನ್ನು ಹುಡುಕಿ ಹುಡುಕಿ ಮಾತಾಡಿದೆ.

"ನಗುತ್ತಾ ಮಾತಾಡು. ಕೇಳಿದ್ದು ನಿಜ. ಹೆಂಡತಿಗೆ ಹೊಡೆದು ಮೂಳೆ ಮುರಿದಿದ್ದಾನೆ. ನೀತಿ ಕೊಡುವವರೇ ತೀರ್ಪು ಹೇಳಿದ್ದಾರೆ. ಕಣ್ಣಾರೆ ಓದಿದೆ."

"ಹೌದಾ? ಮತ್ತೆ ನಿನ್ನ ಮಕ್ಕಳು ಹೇಗಿದ್ದಾರೆ?" ಅಂದಳು. ಸ್ವರ ಅಲುಗಲಿಲ್ಲ.

"ನಿನ್ನ ಮೇಲೆ ಕೈ ಎತ್ತಿದ್ದಾನಾ?"

"ಒಂದು ಸಲ" ಅಂದಳು, ಊಟವಾಯಿತು ಅನ್ನುವ ಹಾಗೆ.

"ಮಗುವನ್ನು ಕರೆದುಕೊಂಡು ಬರುವ ಹೊತ್ತಾಯಿತಲ್ಲ? ಹಾಗೇ ಹೊರಡು. ಏನೂ ತೆಗೆದುಕೊಳ್ಳಬೇಡ. ಶಾಲೆಯಿಂದ ನೇರವಾಗಿ ವಿಮಾನ ಹತ್ತುವ ಜಾಗಕ್ಕೆ ಹೋಗು. ನಿನ್ನ ಭಾವನಿಗೆ ನಾನು ಹೇಳುತ್ತೇನೆ."

ಆಗ ಅವನು ಏನೋ ಕೇಳಿದ. ಅವಳು ಕನ್ನಡದಲ್ಲಿ, "ಅಕ್ಕ ಮೀನಿನ ಸಾರು ಹೇಳಿಕೊಟ್ಲು, ಪಾಪುನ ಕರ್ಕೊಂಡು ಬರ್ತಾ ಮಸಾಲೆ ತರ್ತೀನಿ" ಎಂದು ಹೇಳುವುದು ಕೇಳಿಸಿತು. ಫೋನ್ ಕಟ್ಟಾಯಿತು.

ಗಂಡನಿಗೆ ಟಿಕೆಟ್ ಬುಕ್ ಮಾಡಲು ಹೇಳಿ ಸಿಡ್ನಿಯ ಕಡೆ ಕಾರು ತಿರುಗಿಸಿದೆ. ಊರು ದಾಟುತ್ತಲೇ ಮೊಬೈಲ್ ಸಿಗ್ನಲ್ ಹೋಯಿತು. ಹಳದಿ ಬಯಲು, ತಂತಿಬೇಲಿ, ಮತ್ತೆ ಬಯಲು. ಅವನೂ ಜೊತೆಗೆ ಬರುತ್ತೇನೆಂದು ಕಾರು ಹತ್ತಿದ್ದರೆ? ಅವಳ ಮುಖ ನೋಡಿಯೇ ತಿಳಿದುಕೊಂಡಿದ್ದರೆ? ಜಪಸರದ ಪ್ರಾರ್ಥನೆ ಶುರುಮಾಡಿದೆ, ಅರ್ಧಕ್ಕೇ ಮರೆತುಹೋಯಿತು. ಕೊನೆಗೊಂದು ಪೆಟ್ರೋಲ್ ಬಂಕಿನಲ್ಲಿ ಫೋನಿಗೆ ಜೀವ ಬಂದು ಗಂಡನ ಮೆಸೇಜು ಕಂಡಿತು: ಇಬ್ಬರೂ ವಿಮಾನದೊಳಗಿದ್ದಾರೆ. ಅಲ್ಲೇ ಕಾರಿಗೆ ಒರಗಿ ಅತ್ತುಬಿಟ್ಟೆ.

ಆ ವಾರದ ಕೊನೆಯಲ್ಲಿ ನನ್ನ ಗಂಡ ಮೆಲ್ಬರ್ನಿಗೆ ಹೋಗಿ, ಅಲ್ಲಿನ ಚರ್ಚಿನ ಹಿರಿಯ ಅಂಕಲ್ ಒಬ್ಬರನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಬಾಗಿಲು ತೆರೆದವನು ನಗುಮುಖದಿಂದಲೇ ಬರಮಾಡಿಕೊಂಡನಂತೆ.

"ಬನ್ನಿ ಅಂಕಲ್. ಟೀ ಮಾಡ್ಲಾ? ಅವ್ಳು ಯಾಕೋ ಅಪ್‌ಸೆಟ್ ಆಗಿದಾಳೆ, ನೀವೇ ಸ್ವಲ್ಪ ಹೇಳಿ."

ಅಂಕಲ್ ಕೂರಲಿಲ್ಲ. ಆ ಊರಿನ ಹೆಸರನ್ನಷ್ಟೇ ಹೇಳಿದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು ಎಂದು ಗಂಡ ಆಮೇಲೆ ಹೇಳಿದರು. "ಅದೆಲ್ಲಾ ಮುಗ್ದೋಗಿರೋ ವಿಷ್ಯ" ಅಂದನಂತೆ. ಮಾರನೆಯ ದಿನ ರೂಮು ಖಾಲಿ ಮಾಡಿದ. ಎಲ್ಲಿ ಹೋದನೋ ತಿಳಿಯದು.

ತಂಗಿ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಮಾತೇ ಕಡಿಮೆಯಾಯಿತು. "ಒಂದು ಸಲ ಹೊಡೆದಿದ್ದ, ಆಮೇಲೆ ಎಷ್ಟು ಅತ್ತ ಗೊತ್ತಾ ನಿನಗೆ?" ಎಂದು ಒಮ್ಮೆ ಜಗಳವಾಡಿದಳು. ನನ್ನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ತಿಂಗಳುಗಟ್ಟಲೆ ಬೆನ್ನು ಹಾಕಿ ನಿಂತಿರುತ್ತಿದ್ದಳು.

ಕ್ರೇಗಿಬರ್ನ್‌ಗೆ ಮರಳುವ ಹಿಂದಿನ ದಿನ, ಮಗಳ ಬಟ್ಟೆ ಮಡಚುತ್ತಾ ಇದ್ದಕ್ಕಿದ್ದಂತೆ ಕೇಳಿದಳು.

"ಆ ಹೆಂಗಸು ಹೇಗಿದ್ದಳಂತೆ?"

"ಚಿಕ್ಕವಳಂತೆ. ಮೈಗೆ ದೊಡ್ಡದಾದ ಯಾರದೋ ಸ್ವೆಟರ್ ಹಾಕಿದ್ದಳಂತೆ."

"ಈಗ ಎಲ್ಲಿದ್ದಾಳೆ?"

"ಆ ಪೇಪರಿನವಳಿಗೂ ಗೊತ್ತಿಲ್ಲ. ಆ ಊರಿನಿಂದ ಬಸ್ ಹತ್ತಿದ್ದನ್ನು ನೋಡಿದ್ದಾಳೆ, ಅಷ್ಟೇ."

ತಂಗಿ ಮಡಚಿದ ಬಟ್ಟೆಯನ್ನೆಲ್ಲ ಸೂಟ್‌ಕೇಸಿನಲ್ಲಿ ಜೋಡಿಸಿ, ನನ್ನ ಪಕ್ಕ ಬಂದು ಕೂತಳು.