ಎಡಕ್ಕೆ ವಾಲಿದ ಬಸ್ಸು ಕೇಕು

ನಮ್ಮ ಸಿದ್ಧಕಟ್ಟೆಯ ಶೀನಪ್ಪಣ್ಣನಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಬಂಟ್ವಾಳ–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯದ ಮುಕ್ಕಾಲು ಪಾಲು ಕಳೆದವರು. ಮನೆಯೊಳಗೆ ಉಪ್ಪು ಕೇಳಿದರೂ ಹೊರಗೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಪಕ್ಕದ ಮನೆಯ ನನಗಂತೂ ಅವರಲ್ಲಿ ಮಧ್ಯಾಹ್ನಕ್ಕೆ ಏನು ಪದಾರ್ಥವೆಂದು ದಿನಾ ಗೊತ್ತಾಗುತ್ತದೆ, ಅವರು ಇನ್ನೊಂದು ಸೌಟು ಕೇಳುವಾಗ. ಕೆಲಸ ಬಿಟ್ಟ ಮೇಲೂ ಚಾಳಿ ಹೋಗಿಲ್ಲ. ಮದುವೆಯ ಊಟದ ಹಾಲ್‌ನಲ್ಲಿ "ಎದುರು ಹೋಗಿ, ಎದುರು ಜಾಗ ಉಂಟು" ಎಂದು ಜನರನ್ನು ನೂಕುತ್ತಾರೆ. ಉತ್ತರಕ್ರಿಯೆಯ ಊಟದಲ್ಲೂ ಅದೇ.

ಈ ಬೇಸಿಗೆಗೆ ಮಗಳು ಕಾಂತಿ ಮಸ್ಕತ್‌ನಿಂದ ಪುಟ್ಟ ಮಗಳು ಸುರಕ್ಷಾಳನ್ನು ಕರೆದುಕೊಂಡು ರಜೆಗೆ ಬಂದಳು. ಎಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದ ಫ್ಲಾಟಿನಲ್ಲಿ ಬೆಳೆದ ಮಗು ಅದು. ಅಜ್ಜ ಗೇಟಿನಲ್ಲೇ ಎರಡೂ ಕೈ ಚಾಚಿ "ಬಾ ಮಗಾ, ಬಾ ಬಾ ಬಾ!" ಎಂದರು. ಮಗು ಕಿಟಾರನೆ ಕಿರುಚಿ ಅಮ್ಮನ ಚೂಡಿದಾರದ ಹಿಂದೆ ಅಡಗಿತು. ಅಂದಿನಿಂದ ಅಜ್ಜ ಒಳಗೆ ಬಂದರೆ ಮೊಮ್ಮಗಳು ಹೊರಗೆ, ಅಜ್ಜ ಹೊರಗೆ ಹೋದರೆ ಮೊಮ್ಮಗಳು ಒಳಗೆ.

ಪಾಪ, ಶೀನಪ್ಪಣ್ಣ ಪಿಸುಗುಟ್ಟಲು ಶುರು ಮಾಡಿದರು. ಅವರ ಪಿಸುಮಾತೆಂದರೆ ನಾನು ಶಾಲೆಯಲ್ಲಿ ಹಿಂದಿನ ಬೆಂಚಿಗೆ ಪಾಠ ಮಾಡುವ ಸ್ವರ. "ಟೀಚರೇ, ಮಗು ನನ್ನ ಹತ್ತಿರ ಬರುವುದೇ ಇಲ್ಲ. ರಜೆ ಮುಗಿದ್ರೆ ಹೋಗಿಬಿಡ್ತದೆ" ಎಂದು ಬೇಲಿಯ ಹತ್ತಿರ ನಿಂತು ಹೇಳಿದರು. ಹೇಳುವಾಗ ಕಣ್ಣು ತುಂಬಿತ್ತು. ಜಗಳಗಂಟ ಪ್ರಯಾಣಿಕರನ್ನು ಕಾಲರ್ ಹಿಡಿದು ಇಳಿಸಿದ ಮನುಷ್ಯ! ನನಗೆ ನಿಜವಾಗಿ ಬೇಸರವಾಯಿತು.

ಅಷ್ಟರಲ್ಲಿ ಮಗುವಿನ ಹುಟ್ಟುಹಬ್ಬ ಬಂತು. ಮನೆಯ ಎದುರು ಹೋಗುವ ನೀಲಿ ಬಸ್ಸಿನಂಥ ಕೇಕ್ ಬೇಕೆಂದು ಅದು ಅಜ್ಜಿ ಅಮ್ಮಣ್ಣಿಯ ಕಿವಿಯಲ್ಲಿ ಹೇಳಿತು. ಬೇಕರಿಗೆ ಹೇಳುವ ಎಂದಳು ಕಾಂತಿ. ಬಾಗಿಲ ಹಿಂದಿನಿಂದ ಶೀನಪ್ಪಣ್ಣನ ಪಿಸುಮಾತು ಗುಡುಗಿತು: "ಬಸ್ಸಿನ ವಿಷಯ ಬೇಕರಿಯವನಿಗೆ ಏನು ಗೊತ್ತುಂಟು? ನಾನೇ ಮಾಡ್ತೇನೆ."

ಓವನ್ ಇದ್ದದ್ದು ನನ್ನ ಮನೆಯಲ್ಲಿ. ಹಾಗಾಗಿ ಹಾಳಾದದ್ದೂ ನನ್ನ ಅಡುಗೆಮನೆಯೇ.

ಕೇಕ್ ಚೆನ್ನಾಗಿ ಉಬ್ಬಿತು, ಬೇಯಿಸಿದ್ದು ನಾನು ತಾನೇ. ಐಸಿಂಗ್ ಮಾತ್ರ ತನ್ನ ಕೆಲಸ ಎಂದು ಶೀನಪ್ಪಣ್ಣ ಹಟ ಹಿಡಿದರು. ಕ್ರೀಮಿಗೆ ನೀಲಿ ಬಣ್ಣ ಹಾಕಿ ಬೀಟರ್ ತಿರುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಆ ಸೆಕೆಗೆ ಕ್ರೀಮ್ ನೀರುದೋಸೆಯ ಹಿಟ್ಟಾಯಿತು. ಮೆತ್ತಿದಷ್ಟೂ ಇಳಿದು ತಟ್ಟೆಯಲ್ಲಿ ನಿಂತಿತು. ಫ್ರಿಜ್ಜಿನಲ್ಲಿ ಐಸ್ ಇರಲಿಲ್ಲ. ಅದೇ ಹೊತ್ತಿಗೆ ಮೀನಿನ ಮಹಮ್ಮದ್ ಕುಂಞಿಯ ಸ್ಕೂಟರ್ ಹಾರ್ನ್ ಕೇಳಿಸಿತು. ಶೀನಪ್ಪಣ್ಣ ಓಡಿದರು.

"ಬಂಗುಡೆ ಎಷ್ಟು ಕೊಡಲಿ?" ಎಂದ ಕುಂಞಿ.

"ಬಂಗುಡೆ ಬೇಡ ಮಾರಾಯ, ಅದರ ಅಡಿಯ ಐಸ್ ಕೊಡು."

ಐಸ್ ತುಂಬಿದ ಬಾಲ್ದಿಯಲ್ಲಿ ಕ್ರೀಮಿನ ಪಾತ್ರೆ ಇಟ್ಟು ಕೈಯಲ್ಲೇ ಕಡೆದರು. ಗಟ್ಟಿಯೇನೋ ಆಯಿತು. ಆದರೆ ಅಮ್ಮಣ್ಣಿಯ ಬೆಕ್ಕು ಆ ಬಾಲ್ದಿಯನ್ನು ಬಿಟ್ಟು ಅಲುಗಲಿಲ್ಲ.

"ಮೊದಲು ತೆಳ್ಳಗೆ ಒಂದು ಪದರ ಹಚ್ಚಿ. ಅದು ತಣ್ಣಗಾಗಿ ಹಿಡಿದ ಮೇಲೆ ಇನ್ನೊಂದು" ಎಂದೆ. ಕೇಳಬೇಕಲ್ಲ! "ಅಷ್ಟು ನಿಂತರೆ ಹಿಂದಿನ ಬಸ್ಸು ಓವರ್‌ಟೇಕ್ ಮಾಡ್ತದೆ ಟೀಚರೇ" ಎಂದು ಅಷ್ಟನ್ನೂ ಒಮ್ಮೆಗೇ ಬಳಿದರು. ಬಿಸ್ಕತ್ತಿನ ಚಕ್ರ ಅಂಟಿಸಿದರು. ಕಿಟಕಿ ಕಿಟಕಿಗೆ ಒಂದೊಂದು ಗೇರುಬೀಜ, ಅವು ಪ್ರಯಾಣಿಕರಂತೆ. ಬಾಗಿಲ ಹತ್ತಿರ ಐಸಿಂಗ್ ಬಿರುಕು ಬಿಟ್ಟಿತ್ತು, ಅದನ್ನು ಮುಚ್ಚಲು ಫುಟ್‌ಬೋರ್ಡಿನ ಮೇಲೆ ಇನ್ನಷ್ಟು ಗೇರುಬೀಜ ನೇತುಹಾಕಿದರು. ಭಾರಕ್ಕೆ ಬಿರುಕು ಅಗಲವಾಯಿತು. ಅದನ್ನು ಮುಚ್ಚಲು ಮತ್ತೆ ಗೇರುಬೀಜ. ಬಸ್ಸು ಎಡಕ್ಕೆ ವಾಲಿತು.

"ಇನ್ನು ಹತ್ತಿಸಬೇಡಿ, ಬೀಳ್ತದೆ" ಎಂದರು ಅಮ್ಮಣ್ಣಿ.

"ಶಾಲೆ ಬಿಡುವ ಹೊತ್ತಿಗೆ ನಮ್ಮ ಬಸ್ಸು ವಾಲಿಯೇ ಹೋಗುದು. ಒಂದು ದಿನವೂ ಬೀಳಲಿಲ್ಲ."

"ಅದಕ್ಕೆ ಕಬ್ಬಿಣ ಉಂಟು. ಇದಕ್ಕೆ ಏನುಂಟು?"

ಶೀನಪ್ಪಣ್ಣ ಇನ್ನೊಬ್ಬ ಪ್ರಯಾಣಿಕನನ್ನು ಹತ್ತಿಸಿದರು. ಈ ಮನುಷ್ಯನ ಕೈಯಲ್ಲಿ ಗೇರುಬೀಜದ ಡಬ್ಬಿ ಕೊಟ್ಟದ್ದೇ ನಮ್ಮ ತಪ್ಪು.

ಸಂಜೆ ಅವರ ಚಾವಡಿಯಲ್ಲಿ ಮೇಜಿನ ಮೇಲೆ ಕೇಕ್ ಇಟ್ಟೆವು. ಕಾಂತಿ ಮಗುವಿನ ಕಣ್ಣು ಮುಚ್ಚಿ ಕರೆತಂದಳು. ಅಜ್ಜ ಎದುರಿದ್ದರೆ ಮಗು ಅಳುತ್ತದೆಂದು ಶೀನಪ್ಪಣ್ಣ ತಾವಾಗಿಯೇ ಬಾಗಿಲ ಮರೆಗೆ ಹೋಗಿ ನಿಂತರು. ಕಾಂತಿ ಕೈ ತೆಗೆದಳು. ಅದೇ ಕ್ಷಣ ಬಸ್ಸಿನ ಎಡಬದಿ ಪ್ರಯಾಣಿಕರ ಸಮೇತ ಜಾರತೊಡಗಿತು.

"ಹೋಲ್ಡಾನ್!"

ಬಸ್ಸು ನಿಲ್ಲಿಸಲು ಕಂಡಕ್ಟರು ಹಾಕುವ ಕೂಗು. ಶೀನಪ್ಪಣ್ಣ ಎಷ್ಟೋ ದಿನದಿಂದ ಕಟ್ಟಿಟ್ಟ ಸ್ವರ ಒಮ್ಮೆಗೇ ಹೊರಗೆ ಬಂತು. ಬೆಕ್ಕು ಕಿಟಕಿಯಿಂದ ಹಾರಿತು. ರಸ್ತೆಯಲ್ಲಿ ಒಂದು ರಿಕ್ಷಾ ಬ್ರೇಕ್ ಹಾಕಿತು. ಒಂದೇ ನೆಗೆತಕ್ಕೆ ಬಂದು ಎರಡೂ ಅಂಗೈಯಲ್ಲಿ ಬಸ್ಸನ್ನು ಒತ್ತಿ ಹಿಡಿದರು. ಆಮೇಲೆ ಮಗುವನ್ನು ನೋಡಿದರು. ಮುಖ ಬಿಳುಚಿತು. ಕೈ ಬಿಟ್ಟರೆ ಕೇಕ್ ಬೀಳುತ್ತದೆ, ನಿಂತರೆ ಮಗು ಅಳುತ್ತದೆ. ನಾವೆಲ್ಲ ಅಳುವಿಗೆ ಕಾದೆವು.

ಸುರಕ್ಷಾ ಅಳಲಿಲ್ಲ. ಅಜ್ಜನ ಮೊಣಕೈವರೆಗಿನ ನೀಲಿಯನ್ನೇ ನೋಡಿತು.

"ಅಜ್ಜ, ಯಾಕೆ ಹಿಡಿದದ್ದು?"

ಅದು ಅವರ ಹತ್ತಿರ ಆಡಿದ ಮೊದಲ ಮಾತು.

"ಬಸ್ಸು ಬೀಳ್ತದೆ ಮಗಾ" ಎಂದರು ಅಜ್ಜ, ನಿಜವಾಗಿಯೂ ಮೆತ್ತಗೆ.

"ನಾನೂ ಹಿಡೀತೇನೆ."

ಮಗು ಕುರ್ಚಿ ಹತ್ತಿ ಅಜ್ಜನ ಕೈಯ ಪಕ್ಕದಲ್ಲೇ ತನ್ನ ಎರಡು ಕೈಗಳನ್ನು ಐಸಿಂಗಿಗೆ ಊರಿತು. ಒಂದು ಚಕ್ರ ಉದುರಿತು. ಮೇಣದಬತ್ತಿಯನ್ನು ಇಬ್ಬರೂ ಹಾಗೆಯೇ ನಿಂತು ಊದಿದರು. ಕತ್ತರಿಸಿದವಳು ಕಾಂತಿ. ಬಾಗಿಲ ಬಳಿಯ ಪ್ರಯಾಣಿಕರನ್ನೆಲ್ಲ ಮಗುವೇ ತಿಂದು ಮುಗಿಸಿತು. ಮೀನಿನ ವಾಸನೆ ಇತ್ತೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಮಗು ಅಜ್ಜನ ಮಡಿಲು ಹತ್ತಿ, ನೀಲಿ ಕೈಯಿಂದ ಅವರ ಕೆನ್ನೆ ಹಿಡಿದು, "ಅಜ್ಜ, ಇನ್ನೊಮ್ಮೆ ಬೊಬ್ಬೆ ಹಾಕು" ಎಂದಿತು.

ಶೀನಪ್ಪಣ್ಣ ಎದೆ ಉಬ್ಬಿಸಿ ಬಾಯಿ ತೆರೆದರು. ಸ್ವರ ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ತೆರೆದರು, ಆಗಲೂ ಬರಲಿಲ್ಲ. ಕೊನೆಗೆ ಅಜ್ಜನ ಪರವಾಗಿ ಮಗುವೇ "ಹೋಲ್ಡಾನ್!" ಎಂದು ಕೂಗಿತು. ಆ ಸ್ವರ ಮಗುವಿಗೆ ಯಾರಿಂದ ಬಂತೆಂದು ಸಿದ್ಧಕಟ್ಟೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.