ಮಣಿಕಟ್ಟಿನ ಹಸಿರು

ನನ್ನ ಗಂಡ ಯಶವಂತಪುರದ ಒಂದು ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ಅರವತ್ತರ ದಶಕದಲ್ಲಿ, ನಾನು ಚೊಚ್ಚಲ ಬಸುರಿಯಾಗಿದ್ದಾಗ, ಅಲ್ಲಿಗೆ ಇಟಲಿಯಿಂದ ಒಬ್ಬ ಗಾಜಿನ ವಿನ್ಯಾಸಕಾರರು ಬಂದರು. ದೀಪದ ಗಾಜುಗಳಿಗೆ ಹೊಸ ನಮೂನೆ ಕಲಿಸಿಕೊಡಲು ಕರೆಸಿದ್ದರಂತೆ. ಕಲಿಸುವುದೇನೋ ಕಲಿಸಿದರು, ಆದರೆ ಅವರ ಜೀವವೆಲ್ಲ ಒಂದು ಹಸಿರಿನ ಮೇಲಿತ್ತು.

ವೆನಿಸ್ ಪಕ್ಕದಲ್ಲಿ, ಊರಿಗೆ ಊರೇ ಗಾಜು ಊದುವ ಒಂದು ದ್ವೀಪದಲ್ಲಿ ಹುಟ್ಟಿದವರು. ಯುದ್ಧದಲ್ಲಿ ಸೆರೆಸಿಕ್ಕಿ, ಮೀಸೆ ಚಿಗುರುವ ವಯಸ್ಸಿನಲ್ಲಿ ನಮ್ಮ ಜಾಲಹಳ್ಳಿಯ ಕೈದಿಗಳ ಶಿಬಿರದಲ್ಲಿದ್ದರು. ಮುಳ್ಳುತಂತಿಯಾಚೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಹೋಗುವಾಗ, ಮೇಲೆತ್ತಿದ ಕೈಗಳಲ್ಲಿ ಹಸಿರು ಬಳೆ ಕಂಡಿದ್ದರು. ಊರಿಗೆ ಮರಳಿ, ಚಿತ್ರ ಬರೆದು, ಊದಿಸಿ, ದೊಡ್ಡ ಹೆಸರು ಮಾಡಿದರು. ದೇಶದೇಶದ ಶ್ರೀಮಂತರ ಮನೆಗಳಲ್ಲಿ ಅವರ ಹೂದಾನಿಗಳಿದ್ದವಂತೆ. ಆ ಹಸಿರು ಮಾತ್ರ ಒಮ್ಮೆಯೂ ಕೈಗೆ ಬಂದಿರಲಿಲ್ಲ. ಅದನ್ನು ನನ್ನವರಿಗೆ ಹೇಳುವಾಗ ಆ ಮನುಷ್ಯನ ಕಣ್ಣು ತುಂಬಿಬರುತ್ತಿತ್ತಂತೆ.

ನನ್ನವರು ಪೇಟೆಯಿಂದ ಬಳೆ ತಂದುಕೊಟ್ಟರು. ಬಿಳಿ ಕಾಗದದ ಮೇಲೆ ಬಳೆ, ಪಕ್ಕದಲ್ಲಿ ಕುಲುಮೆಯಿಂದ ತೆಗೆದ ಚೂರು. ಎಷ್ಟೋ ಸಲ ಕರಗಿಸಿದ ಮೇಲೆ ಎರಡೂ ಒಂದೇ ಬಣ್ಣಕ್ಕೆ ಬಂದವು. ಇಟಲಿಯವರು ಇದಲ್ಲ ಎಂದರು. ಬಳೆಯನ್ನೇ ಎತ್ತಿ ತೋರಿಸಿದರೆ, ಇದೂ ಅಲ್ಲ ಎಂದರು.

“ಬಳೆನೇ ಬಳೆ ಥರ ಇಲ್ಲ ಅಂತಾರಲ್ಲೇ, ನಾನೇನ್ ಮಾಡ್ಲಿ ಹೇಳು,” ಎಂದು ನನ್ನವರು ಮನೆಗೆ ಬಂದು ತಲೆ ಚಚ್ಚಿಕೊಂಡರು. ಆ ಇಟಲಿಯವರು ಹಡಗು ಹತ್ತಲು ವಾರವಷ್ಟೇ ಉಳಿದಿತ್ತು. ಈ ಸಲವೂ ಸಿಗದಿದ್ದರೆ ಇನ್ನು ಹುಡುಕುವುದಿಲ್ಲ ಎಂದಿದ್ದರಂತೆ.

ಆ ವಾರದಲ್ಲೇ ನನ್ನ ಸೀಮಂತ. ಅವರನ್ನೂ ಊಟಕ್ಕೆ ಕರೆದಿದ್ದೆವು. ಪಡಸಾಲೆಯಲ್ಲಿ ಯಲಹಂಕದ ಬಳೆಗಾರ ನನ್ನ ಕೈ ಹಿಚುಕಿ ಹಿಚುಕಿ ಹಸಿರು ಬಳೆ ಏರಿಸುತ್ತಿದ್ದ. ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಹುಳಿ ತಿಂದವಳ ಹಾಗೆ ಮುಖ ಮಾಡಿಕೊಂಡಿದ್ದೆ. ಬಾಗಿಲಿನಿಂದ ಬಿಸಿಲು ನೇರ ನನ್ನ ಕೈಮೇಲೆ ಬಿದ್ದಿತ್ತು. ಬೆಂಚಿನ ಮೇಲೆ ಕೂತಿದ್ದ ಇಟಲಿಯವರು ಎದ್ದು ಬಂದು ನನ್ನೆದುರು ಮಂಡಿಯೂರಿದರು. ಮುಟ್ಟಲಿಲ್ಲ. ಬಳೆಗಳನ್ನೂ ಅವುಗಳಡಿಯ ನನ್ನ ಕಂದು ಚರ್ಮವನ್ನೂ ನೋಡುತ್ತಲೇ ಇದ್ದರು.

“ಬಸ್ರಿ ಎಂಗ್ಸಿನ್ ಕೈನ ಇಂಗ್ ನೋಡ್ತಾವ್ನಲ್ಲೋ ನಿನ್ ದೊರೆ, ದೃಷ್ಟಿ ಆಯ್ತದೆ ಕಣ್ಲಾ,” ಎಂದು ಅತ್ತೆ ಮಗನನ್ನು ಗದರಿದರು.

ಆ ಇಟಲಿಯವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನ್ನವರು ನನ್ನತ್ತ ತಿರುಗಿದರು. “ಬಣ್ಣ ಬಳೆ ಒಂದರಲ್ಲೇ ಇಲ್ವಂತೆ. ಅದರ ಅಡೀಲಿರೋ ನಿನ್ ಕೈಲೂ ಇದೆಯಂತೆ. ಇಷ್ಟು ವರ್ಷ ಬರೀ ಗಾಜಲ್ಲಿ ಹುಡುಕಿದ್ನಲ್ಲ ಅಂತಿದಾರೆ.”

ಹೋಳಿಗೆ ಎಲೆಯಲ್ಲೇ ಉಳಿಯಿತು. ನನ್ನವರನ್ನು ಎಳೆದುಕೊಂಡು ಕಾರ್ಖಾನೆಗೆ ಹೋದರು. ಜೇನುಬಣ್ಣದ ಗಾಜನ್ನು ಕೊಳವೆಯ ತುದಿಗೆ ಸುತ್ತಿ, ಅದರ ಮೇಲೆ ಹಸಿರು ಹೊದಿಸಿ ಊದಿಸಿದರಂತೆ. ಎರಡು ಹೂದಾನಿಗಳಾದವು. ಒಂದನ್ನು ತೆಗೆದುಕೊಂಡು ಹೋದರು. ಇನ್ನೊಂದನ್ನು ಹೊರಡುವ ದಿನ ತಂದು ನನ್ನ ಕೈಯ ಪಕ್ಕದಲ್ಲಿಟ್ಟರು. ಬಳೆ ತೊಟ್ಟ ಕೈಗೂ ಅದಕ್ಕೂ ಒಂದೇ ಬಣ್ಣ. ರಾಗಿ ಬೀಸಿ, ಪಾತ್ರೆ ತಿಕ್ಕಿ ಸವೆಸಿದ ಈ ಕೈ ಇಷ್ಟು ಚೆಂದವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಈಗ ಕೈಯೆಲ್ಲ ಸುಕ್ಕು. ಹೂದಾನಿ ಸುಮ್ಮನೆ ಖಾಲಿ ಯಾಕಮ್ಮ, ಹೂವಾದರೂ ಇಡಬಾರದೇ ಎಂದು ಮಗಳು ಕೇಳುತ್ತಾಳೆ. ಬೇಡ ಎನ್ನುತ್ತೇನೆ. ಕಿಟಕಿಯ ಬಿಸಿಲು ಬಿದ್ದಾಗ ಅದರೊಳಗೆ, ಅವಳನ್ನು ಹೊತ್ತಿದ್ದ ದಿನಗಳ ನನ್ನ ಕೈ ಕಾಣುತ್ತದೆ.